ಮೂರು ಕೂಡಿಸು ನಾಲ್ಕು, ನಾಲ್ಕು ಕೂಡಿಸು ಮೂರು

ಡೊಂಬಿವಲಿ, ಮುಲುಂಡ್ ಕಡೆಯಿಂದ ಫೈಲು ಹಿಡಿದು ಮುಂಬಯಿಯ ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಬರುವ ನಮ್ಮವರಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಅಪ್ಪನಿಗೆ ಹತ್ತಕ್ಕೆ ಆರು ಬಂದಿದೆಯಂತೆ, ಅರ್ಧ ದಾಟಿತಲ್ಲ!" ಈ ಲೆಕ್ಕವೇ ತಪ್ಪು. ಪ್ರೊಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಅಂಗ. ಅದರಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಕ್ಯಾನ್ಸರ್‌ಗೆ ಕೊಡುವ ಅತಿ ಕಡಿಮೆ ಅಂಕವೇ ಆರು. ಇನ್ನು ಇದು ಗ್ರೇಡ್, ಸ್ಟೇಜ್ ಅಲ್ಲ. ರೋಗ ಎಲ್ಲಿಯವರೆಗೆ ಹರಡಿದೆ ಎಂಬುದು ಸ್ಟೇಜ್. ಅದರ ಸ್ವಭಾವ ಎಷ್ಟು ಒರಟು ಎಂಬುದು ಗ್ರೇಡ್.

1966ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಪ್ಯಾಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ವೈದ್ಯ) ಡೊನಾಲ್ಡ್ ಗ್ಲೀಸನ್ ಅಂಕ ಕೊಡುವ ಈ ಪದ್ಧತಿಯನ್ನು ಮುಂದಿಟ್ಟರು. ಒಂದೊಂದು ಜೀವಕೋಶ ಎಷ್ಟು ವಿಕಾರವಾಗಿದೆ ಎಂದು ಅವರು ಅಳೆಯಲಿಲ್ಲ. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ, ಒಳಗಿನ ಪುಟ್ಟ ಗ್ರಂಥಿಗಳು ಹೇಗೆ ಜೋಡಿಸಿಕೊಂಡಿವೆ ಎಂಬುದನ್ನಷ್ಟೇ ನೋಡಿ 1ರಿಂದ 5ರವರೆಗೆ ವಿನ್ಯಾಸಗಳನ್ನು ಗುರುತಿಸಿದರು. ಎರಡು ವಿನ್ಯಾಸಗಳ ಸಂಖ್ಯೆ ಕೂಡಿದರೆ ಗ್ಲೀಸನ್ ಅಂಕ. ಒಂದೇ ವಿನ್ಯಾಸ ಇದ್ದರೆ ಅದನ್ನೇ ಎರಡು ಸಲ ಕೂಡುತ್ತಾರೆ. ಈಗ ಸೂಜಿ ಬಯಾಪ್ಸಿಯಲ್ಲಿ 1 ಮತ್ತು 2ನ್ನು ಕೊಡುವುದಿಲ್ಲ. ಹಾಗಾಗಿ ಎಣಿಕೆ ಶುರುವಾಗುವುದೇ 3+3ರಿಂದ.

ಗ್ರೇಡ್ ಕೊಡುವುದಕ್ಕೆ ಮೊದಲು ಅದು ಕ್ಯಾನ್ಸರ್ ಹೌದೋ ಅಲ್ಲವೋ ತೀರ್ಮಾನವಾಗಬೇಕು. ಆರೋಗ್ಯವಂತ ಗ್ರಂಥಿಯ ಸುತ್ತ ಬೇಸಲ್ ಕೋಶಗಳ ಒಂದು ಹೊರಸಾಲು ಇರುತ್ತದೆ. ಕ್ಯಾನ್ಸರ್ ಗ್ರಂಥಿಯಲ್ಲಿ ಆ ಬೇಲಿ ಇರುವುದಿಲ್ಲ. ಸಂಶಯ ಬಂದಾಗ, ಬೇಸಲ್ ಕೋಶಗಳಿಗೆ ಹಿಡಿಯುವ ಪಿ63 ಎಂಬ ಬಣ್ಣ ಹಾಕುವುದು ಇದನ್ನು ನೋಡಲಿಕ್ಕೇ. ಜೊತೆಗೆ ಹಾಕುವ ಎಎಂಎಸಿಆರ್ ಎಂಬ ಇನ್ನೊಂದು ಬಣ್ಣ ಕ್ಯಾನ್ಸರ್ ಕೋಶಗಳಲ್ಲಿ ಸಾಮಾನ್ಯವಾಗಿ ಗಾಢವಾಗುತ್ತದೆ, ಆದರೆ ಅದೊಂದನ್ನೇ ನಂಬುವಂತಿಲ್ಲ.

ಇನ್ನು ವಿನ್ಯಾಸ. ಬಾಣಲೆಯಲ್ಲಿ ಬೇಯುತ್ತಿರುವ ಉದ್ದಿನವಡೆಗಳನ್ನು ನೆನೆಸಿಕೊಳ್ಳಿ. ಪ್ರತಿ ವಡೆಯೂ ಬೇರೆ ಬೇರೆ, ಚಿಕ್ಕದಿರಲಿ ದೊಡ್ಡದಿರಲಿ ಪ್ರತಿಯೊಂದಕ್ಕೂ ತನ್ನದೇ ತೂತು. ಇದು ವಿನ್ಯಾಸ 3. ವಡೆಗಳು ಒಂದಕ್ಕೊಂದು ಅಂಟಿಕೊಂಡವು, ಕೆಲವಕ್ಕೆ ತೂತೇ ಸರಿಯಾಗಿ ಮೂಡಲಿಲ್ಲ ಅಂದರೆ ವಿನ್ಯಾಸ 4. ಒಂದೇ ದೊಡ್ಡ ಹಾಳೆಯಲ್ಲಿ ನೀರುದೋಸೆಯಂತೆ ತೂತುಗಳೇ ತೂತುಗಳಾದರೆ ಅದೂ 4. ಇದಕ್ಕೆ ಕ್ರಿಬ್ರಿಫಾರ್ಮ್ ಎನ್ನುತ್ತಾರೆ. 4ರ ಬಗೆಗಳಲ್ಲಿ ಇದು ಹೆಚ್ಚು ಕೆಟ್ಟದ್ದಾದ್ದರಿಂದ ಇದೆಯೋ ಇಲ್ಲವೋ ಎಂದು ರಿಪೋರ್ಟ್‌ನಲ್ಲಿ ಬೇರೆಯಾಗಿ ಬರೆಯಬೇಕು. ವಡೆಯ ಆಕಾರವೇ ಉಳಿಯದೆ ಹಿಟ್ಟು ಹರಡಿದಂತೆ ಕೋಶಗಳ ಹಾಳೆ, ಉದುರಿದ ಕಾಳಿನಂತೆ ಒಂಟಿ ಕೋಶಗಳು, ಅಥವಾ ಗ್ರಂಥಿಯ ನಡುವೆ ಸತ್ತ ಕೋಶಗಳ ಗುಪ್ಪೆ: ಇದು 5.

ಸೂಜಿ ಬಯಾಪ್ಸಿಯಲ್ಲಿ ಮೊದಲ ಸಂಖ್ಯೆ ಅತಿ ಹೆಚ್ಚು ಜಾಗ ಹಿಡಿದ ವಿನ್ಯಾಸದ್ದು. ಎರಡನೆಯದು, ಉಳಿದವುಗಳಲ್ಲಿ ಅತಿ ಕೆಟ್ಟದ್ದು. ಶೇ. 60 ಮೂರು, ಶೇ. 35 ನಾಲ್ಕು, ಶೇ. 5 ಐದು ಇದ್ದರೆ ಅದು 3+4 ಅಲ್ಲ, 3+5. ಶೇ. 98 ಮೂರರ ಜೊತೆ ಶೇ. 2 ನಾಲ್ಕು ಇದ್ದರೆ 3+4. ತಿರುಗಿಸಿ, ಶೇ. 98 ನಾಲ್ಕು, ಶೇ. 2 ಮೂರು ಆದರೆ ಆ ಮೂರನ್ನು ಬಿಟ್ಟು 4+4. ಒಳ್ಳೆಯದು ಚೂರಿದ್ದರೆ ಲೆಕ್ಕಕ್ಕಿಲ್ಲ, ಕೆಟ್ಟದ್ದು ಚೂರಿದ್ದರೂ ಲೆಕ್ಕಕ್ಕಿದೆ.

ಇಲ್ಲಿಯೇ ಏಳರ ತೊಡಕು. 3+4 ಮತ್ತು 4+3 ಕೂಡಿದರೆ ಒಂದೇ, ರೋಗದ ನಡತೆ ಒಂದೇ ಅಲ್ಲ. ಅದಕ್ಕೇ 2014ರಲ್ಲಿ ಮೂತ್ರಾಂಗ ಪ್ಯಾಥಾಲಜಿಸ್ಟರ ಅಂತರರಾಷ್ಟ್ರೀಯ ಸಂಘ ಗ್ರೇಡ್ ಗ್ರೂಪ್‌ಗಳನ್ನು ಒಪ್ಪಿತು: 6ಕ್ಕೆ ಗ್ರೂಪ್ 1, 3+4ಕ್ಕೆ 2, 4+3ಕ್ಕೆ 3, 8ಕ್ಕೆ 4, 9 ಮತ್ತು 10ಕ್ಕೆ 5. "ಏಳು" ಎಂದಷ್ಟೇ ಯಾರಾದರೂ ಹೇಳಿದರೆ ಸುಮ್ಮನಾಗಬೇಡಿ, ಯಾವ ಏಳು ಎಂದು ಕೇಳಿ. 3+4 ಆಗಿದ್ದರೆ ನಾಲ್ಕು ಶೇಕಡಾ ಎಷ್ಟು ಎಂದೂ ಕೇಳಿ. ಶೇ. 5 ಇದ್ದು ಕ್ರಿಬ್ರಿಫಾರ್ಮ್ ಇಲ್ಲದಿದ್ದರೆ, ಪಿಎಸ್‌ಎ (ಪ್ರೊಸ್ಟೇಟ್‌ಗಾಗಿ ಮಾಡುವ ರಕ್ತಪರೀಕ್ಷೆ) ಮತ್ತು ಸ್ಕ್ಯಾನ್ ಕೂಡ ಹೊಂದಿದರೆ, ಕೆಲವರಲ್ಲಿ ತಕ್ಷಣ ಚಿಕಿತ್ಸೆ ಮಾಡದೆ ನಿಗಾ ಇಡುವ ದಾರಿಯನ್ನೂ ವೈದ್ಯರು ಯೋಚಿಸುತ್ತಾರೆ. ಶೇ. 40 ಇದ್ದರೆ ಮಾತೇ ಬೇರೆ.

ತಪ್ಪು ಹೆಚ್ಚಾಗಿ ಆಗುವುದು 3 ಮತ್ತು 4ರ ಗಡಿಯಲ್ಲಿ. ವಡೆಯನ್ನು ನಡುವೆ ಕೊಯ್ದರೆ ತೂತು ಕಾಣುತ್ತದೆ, ಅಂಚಿನಲ್ಲಿ ಸವರಿ ಕೊಯ್ದರೆ ಕಾಣುವುದಿಲ್ಲ. ಹಾಗೆಯೇ ಒಳ್ಳೆಯ 3ರ ಗ್ರಂಥಿ ಓರೆಯಾಗಿ ಕತ್ತರಿಸಿದಾಗ ತೂತಿಲ್ಲದ 4ರಂತೆ ಕಾಣುತ್ತದೆ. ಒಂದೆರಡು ಗ್ರಂಥಿ ನೋಡಿ 4 ಎಂದು ಬರೆಯಬಾರದು. ಬ್ಲಾಕ್‌ನಲ್ಲಿ, ಅಂದರೆ ತುಣುಕನ್ನು ಕೂರಿಸಿದ ಮೇಣದ ಅಚ್ಚಿನಲ್ಲಿ, ಇನ್ನೂ ಆಳದ ಪದರಗಳನ್ನು ಕತ್ತರಿಸಿದ ಮೇಲೂ ಅಂಥವುಗಳ ಗುಂಪು ಉಳಿದರೆ ಆಗ 4.

ಉಳಿದ ಎಡವಟ್ಟು ಸ್ಲೈಡ್ ತಯಾರಾಗುವಾಗಲೇ ಆಗಿರುತ್ತದೆ. ಸಾಮಾನ್ಯವಾಗಿ 18 ಗೇಜ್ ದಪ್ಪದ ಸೂಜಿಯಿಂದ ಪ್ರೊಸ್ಟೇಟ್‌ನ 12 ತೆಳು ಎಳೆ ತೆಗೆಯುತ್ತಾರೆ. ಅವು ಕೆಡದಂತೆ ಕಾಪಾಡುವ ಶೇ. 10ರ ಫಾರ್ಮಲಿನ್ ದ್ರವಕ್ಕೆ ಕೂಡಲೇ ಬೀಳಬೇಕು. ಒಣಗಿದರೆ, ಚಿಮಟಿಗೆಯಲ್ಲಿ ನಜ್ಜುಗುಜ್ಜಾದರೆ, ಆಮೇಲೆ ಎಂಥ ಕಣ್ಣಿಗೂ ವಿನ್ಯಾಸ ಸಿಗದು. ಎಲ್ಲ ಎಳೆಗಳನ್ನೂ ಒಂದೇ ಡಬ್ಬಿಗೆ ತುಂಬಿದರೆ ಎಡವೋ ಬಲವೋ ತಿಳಿಯುವುದಿಲ್ಲ. ಒಂದೇ ಬ್ಲಾಕ್‌ನಲ್ಲಿ ಅನೇಕ ಎಳೆ ತುರುಕಿದರೆ ಅವು ಸಮತಟ್ಟಾಗಿ ಮಲಗುವುದಿಲ್ಲ. 4 ಮೈಕ್ರಾನ್ ಪದರ ಕತ್ತರಿಸುವಾಗ ಕೆಲವು ಎಳೆಯ ಅರ್ಧವೇ ತಪ್ಪಿಹೋಗುತ್ತದೆ. ಇನ್ನೊಂದು: ಹಾರ್ಮೋನ್ ಚಿಕಿತ್ಸೆ ಶುರುವಾದ ಮೇಲೆ ತೆಗೆದ ತುಣುಕಿನಲ್ಲಿ ಗ್ರಂಥಿಗಳು ಕುಗ್ಗಿ, ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಅಂಥ ಕಡೆ ಗ್ಲೀಸನ್ ಅಂಕ ಕೊಡಬಾರದು. ಆದ್ದರಿಂದ ಚಿಕಿತ್ಸೆ ಆರಂಭವಾಗಿದ್ದರೆ ಫಾರ್ಮ್‌ನಲ್ಲಿ ಬರೆಸಿ.

ಎರಡನೆಯ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟ್‌ನ ಝೆರಾಕ್ಸ್ ಮಾತ್ರ ಒಯ್ದರೆ ಪ್ರಯೋಜನ ಕಡಿಮೆ. ಮೊದಲು ನೋಡಿದ ಲ್ಯಾಬ್‌ನಿಂದ ಎಲ್ಲ ಸ್ಲೈಡ್, ಎಲ್ಲ ಮೇಣದ ಬ್ಲಾಕ್ ಬರೆದುಕೊಟ್ಟು ಪಡೆಯಿರಿ, ಮೇಲಿನ ನಂಬರ್‌ಗಳನ್ನು ರಿಪೋರ್ಟ್‌ಗೆ ತಾಳೆ ನೋಡಿ. ಸ್ಲೈಡ್‌ಗಳನ್ನು ಸ್ಲೈಡ್ ಡಬ್ಬಿಯಲ್ಲೇ ಇಡಿ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಗಾಜು ಒಡೆದರೆ ಇನ್ನೊಂದು ಪದರ ಕತ್ತರಿಸಬೇಕು, ಚಿಕ್ಕ ಕ್ಯಾನ್ಸರ್ ಆಗಿದ್ದರೆ ಆ ಪದರದಲ್ಲಿ ಅದು ಇಲ್ಲದೆಯೂ ಇರಬಹುದು. ಬ್ಲಾಕ್‌ಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಮೇಣ ಮೆತ್ತಗಾದರೆ ಎಳೆ ಕದಲುತ್ತದೆ.