ಆ ಪೂಡಲ್ ಪತಂಗದ ಹೆಸರು ಹುಡುಕೋಕೆ ಹೋಗಿ

ಬಿಳಿ ಉಣ್ಣೆ ಸ್ವೆಟರ್ ಹಾಕ್ಕೊಂಡಂಗೆ ಇರೋ, ಕಪ್ಪು ಗುಂಡು ಕಣ್ಣಿನ ಪತಂಗದ ಫೋಟೋ ನೀವೂ ನೋಡಿರ್ತೀರ. ಪೂಡಲ್ ಮಾತ್ ಅಂತಾರೆ. ಆರ್ಥರ್ ಆಂಕರ್ ಅನ್ನೋ ಪ್ರಾಣಿಶಾಸ್ತ್ರಜ್ಞ 2009ರಲ್ಲಿ ವೆನೆಜುವೆಲಾದ ಗ್ರಾನ್ ಸಬಾನಾ ಕಡೆ ತೆಗೆದಿದ್ದು, 2012ರಲ್ಲಿ ನೆಟ್ ತುಂಬಾ ಓಡಾಡ್ತು. ಇದು ಯಾವ ಜಾತಿ ಅಂತ ನೋಡೇಬಿಡೋಣ ಅಂತ ಮೊನ್ನೆ ರಾತ್ರಿ ಕೂತೆ, ಹತ್ತು ನಿಮಿಷದ ಕೆಲಸ ಅನ್ಕೊಂಡಿದ್ದೆ, ಮೂರು ಗಂಟೆ ಹೋಯ್ತು.

ಅದ್ರಲ್ಲಿ ಒಂದು ಗಂಟೆ ಬರೀ ಸುಳ್ಳು ಫೋಟೋ ಆರಿಸಿ ಬಿಸಾಕೋಕೆ. ಅದೇ ಹೆಸರಲ್ಲಿ ಸುತ್ತಾಡ್ತಿರೋದ್ರಲ್ಲಿ ಕೆಲವು ಉಣ್ಣೆ ಗೊಂಬೆಗಳು, ಕೆಲವು ಅಪ್ಪಟ ರೇಷ್ಮೆ ಪತಂಗ! ಕೆನೆ ಬಣ್ಣ, ರೆಕ್ಕೆ ಮೇಲೆ ಮಾಸಲು ಕಂದು ಗೆರೆ, ಬಾಚಣಿಗೆ ಥರದ ಕಪ್ಪು ಮೀಸೆ. ನೆಟ್ಟಗೆ ಹಾರೋಕೂ ಬರದ ಆ ಬಡಪಾಯಿ ವೆನೆಜುವೆಲಾ ಸೇರಿದ್ದು ಯಾವಾಗಪ್ಪಾ.

ಸರಿ, ಅಸಲಿ ಫೋಟೋಗೆ ಬಂದ್ರೆ, ಲಾಸಿಯೋಕ್ಯಾಂಪಿಡೇ ಕುಟುಂಬದ ಆರ್ಟಾಸೆ ಕುಲ ಇರಬಹುದು ಅನ್ನೋ ಊಹೆ ಮೊದಲಿಂದ ಇದೆ. ನಂಗೂ ಹಾಗೇ ಅನ್ಸುತ್ತೆ. ಆದ್ರೆ ಮೈತುಂಬ ರೋಮ ಇದ್ರೆ ಸಾಕಾ? ದಕ್ಷಿಣ ಅಮೆರಿಕದಲ್ಲೇ ಮೆಗಲೋಪಿಜಿಡೇ ಅಂತ ಇನ್ನೊಂದು ಕುಟುಂಬ ಇದೆ, ಅವೂ ಹಿಂಗೇ ಮುದ್ದುಮುದ್ದು (ಅವುಗಳ ಕಂಬಳಿಹುಳ ಮಾತ್ರ ಮುಟ್ಟೋಕೆ ಹೋಗ್ಬೇಡಿ, ಮುಳ್ಳಲ್ಲಿ ವಿಷ ಇದೆ).

ಗುರುತು ಇರೋದು ರೆಕ್ಕೆ ಬುಡದಲ್ಲಿ. ತುಂಬಾ ಪತಂಗಗಳಿಗೆ ಹಿಂದಿನ ರೆಕ್ಕೆ ಬುಡದಿಂದ ಒಂದು ಬಿರುಗೂದಲು ಎದ್ದು ಮುಂದಿನ ರೆಕ್ಕೆಗೆ ಕೊಕ್ಕೆ ಹಾಕ್ಕೊಂಡಿರುತ್ತೆ, ಹಾರುವಾಗ ಎರಡೂ ಒಟ್ಟಿಗೆ ಬಡೀಲಿ ಅಂತ. ಲಾಸಿಯೋಕ್ಯಾಂಪಿಡೇಲಿ ಅದಿಲ್ಲ, ಹಿಂದಿನ ರೆಕ್ಕೆ ಬುಡವೇ ಅಗಲವಾಗಿ ಮುಂದಿನದ್ರ ಅಡಿ ತೂರ್ಕೊಂಡು ಆತ್ಕೊಂಡಿರುತ್ತೆ. ಫೋಟೋದಲ್ಲಿ ಆ ಜಾಗ ಪೂರ್ತಿ ರೋಮದಡಿ. ಜನ ಯಾವುದನ್ನ ನೋಡಿ ಅಯ್ಯೋ ಮುದ್ದು ಅಂದ್ರೋ ಅದೇ ನೋಡಿ ಎಲ್ಲಾ ಮುಚ್ಚಿಟ್ಟಿರೋದು.

ಕುಟುಂಬ ಗೊತ್ತಾದ್ರೂ ಜಾತಿ ಬೇರೆ ಮಾತು. ಹೊಟ್ಟೆಯ ತುದಿ ಕತ್ತರಿಸಿ, ಪೊಟ್ಯಾಶ್ ದ್ರಾವಣದಲ್ಲಿ ಮೆತ್ತಗೆ ಮಾಡಿ, ಜನನಾಂಗದ ಆಕಾರವನ್ನ ಮ್ಯೂಸಿಯಂನಲ್ಲಿರೋ ಮೂಲ ಮಾದರಿ (ಜಾತಿಗೆ ಮೊದಲು ಹೆಸರಿಡುವಾಗ ಆಧಾರವಾಗಿದ್ದ ಪತಂಗ) ಜೊತೆ ಹೋಲಿಸ್ಬೇಕು. ಇಲ್ಲಾ ಒಂದು ಕಾಲು ಕಿತ್ತು ಡಿಎನ್‌ಎ ಬಾರ್‌ಕೋಡ್ ಓದ್ಬೇಕು, ಅಂದ್ರೆ ಜಾತಿ ಗುರುತಿಸೋಕೆ ಬಳಸೋ ಸಿಓಐ ಅನ್ನೋ ಜೀನಿನ 658 ಅಕ್ಷರದ ತುಣುಕು. ಎರಡಕ್ಕೂ ಕೈಯಲ್ಲಿ ಪತಂಗ ಇರ್ಬೇಕು, ಜೆಪೆಗ್ ಅಲ್ಲ.

ಫೋಲ್ಡರಿಗೆ 'ಆರ್ಟಾಸೆ?' ಅಂತ ಹೆಸರಿಟ್ಟು ಮಲಗಿದೆ. ಆ ಪ್ರಶ್ನೆ ಗುರುತು ತೆಗೀಬೇಕಂದ್ರೆ ಗ್ರಾನ್ ಸಬಾನಾದಲ್ಲೇ ಯಾರಾದ್ರೂ ರಾತ್ರಿ ಬಿಳಿ ಬಟ್ಟೆ ಕಟ್ಟಿ, ಲೈಟ್ ಹಾಕ್ಕೊಂಡು ಕಾಯ್ಬೇಕು.