ಎಂಟ್ರಿ ಪೆಟ್ಟಿಗೆಗೆ ಹಾಕೋದು, ತೆಗೆಯೋದು

ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೆ ಪೈಥಾನ್‌ನಲ್ಲಿ ಪರದೆ, ಬಟನ್ ಮಾಡೋ ಲೈಬ್ರರಿ ಟಿಕಿಂಟರ್‌ನಿಂದ (tkinter) ಬಿಲ್ ಪರದೆ ಮಾಡುವಾಗ ಮೊದಲು ಎಡವೋದು, ಪೆಟ್ಟಿಗೆಯಲ್ಲಿ ಬರೆದದ್ದನ್ನು ಓದೋ ಗೆಟ್ (get) ಕರೆಯೋ ಜಾಗದಲ್ಲಿ. ಎಂಟ್ರಿ (Entry), ಅಂದರೆ ಒಂದು ಸಾಲು ಬರೆಯೋ ಪೆಟ್ಟಿಗೆ, ಸೃಷ್ಟಿಸಿದ ಕೋಡ್‌ನ ಮರುಸಾಲಿನಲ್ಲೇ ಕರೆದರೆ ಇನ್ನೂ ಯಾರೂ ಏನೂ ಬರೆದಿರೋದಿಲ್ಲ, ಸಿಗೋದು ಖಾಲಿ ಸ್ಟ್ರಿಂಗ್ (ಪಠ್ಯ). ಬಟನ್ ಒತ್ತಿದಾಗ ಓಡುವ ಫಂಕ್ಷನ್ ಒಳಗೆ ಕರೀರಿ. ಬರೋದು ಯಾವಾಗಲೂ ಸ್ಟ್ರಿಂಗೇ. ಕನ್ನಡದಲ್ಲಿ '೨೫' ಹೊಡೆದರೂ ಪಠ್ಯವನ್ನು ಪೂರ್ಣಾಂಕ ಮಾಡೋ ಇಂಟ್ (int) ಅದನ್ನು 25 ಮಾಡುತ್ತದೆ, ನೋಡ್ರಿ! ಆದರೆ '42,500' ಅಂದರೆ ಅಲ್ಪವಿರಾಮದಿಂದಾಗಿ ಇಂಟ್ ವ್ಯಾಲ್ಯೂಎರರ್ ಅನ್ನೋ ದೋಷ ಕೊಡುತ್ತದೆ. ಮೊದಲು ರಿಪ್ಲೇಸ್‌ನಿಂದ ಅದನ್ನು ತೆಗೀಬೇಕು.

ಪೆಟ್ಟಿಗೆಗೆ ಬರೆಯೋ ಇನ್ಸರ್ಟ್ (insert) ಹಳೆಯದನ್ನು ಅಳಿಸೋದಿಲ್ಲ, ಅದರ ಜೊತೆಗೇ ಸೇರಿಸುತ್ತದೆ. ಮುಂಚೆ ಡಿಲೀಟ್‌ಗೆ (delete) 0 ಮತ್ತು ಎಂಡ್ (end) ಕೊಡಿ, ಅಂದರೆ ಮೊದಲಿನಿಂದ ಕೊನೆತನಕ ಅಳಿಸಿ. ಪೆಟ್ಟಿಗೆಯ ಸ್ಥಿತಿ ರೀಡ್‌ಓನ್ಲಿ (ಓದೋಕೆ ಮಾತ್ರ) ಇದ್ದರೆ ಎರಡೂ ನಡೆಯೋದಿಲ್ಲ, ಎರರ್ ಕೂಡ ಬರೋದಿಲ್ಲ. ಇದರಷ್ಟು ತಲೆ ತಿನ್ನೋದು ಬೇರೊಂದಿಲ್ಲ. ಸ್ಥಿತಿಯನ್ನು ನಾರ್ಮಲ್ ಮಾಡಿ, ಬರೆದು, ಮತ್ತೆ ರೀಡ್‌ಓನ್ಲಿ ಬೀಗ ಹಾಕಿ.

ವಿಳಾಸಕ್ಕೆ ಹಲವು ಸಾಲಿನ ಟೆಕ್ಸ್ಟ್ (Text) ವಿಜೆಟ್ ಆದರೆ '1.0' (ಮೊದಲ ಸಾಲಿನ ಮೊದಲ ಅಕ್ಷರ) ಇಂದ 'end-1c' (ಕೊನೆಗಿಂತ ಒಂದು ಅಕ್ಷರ ಹಿಂದೆ) ತನಕ ಓದಿ. ಬರೀ ಎಂಡ್ ಕೊಟ್ಟರೆ ಕೊನೆಗೊಂದು ಹೊಸಸಾಲು ಅಂಟಿಕೊಂಡು ಬರುತ್ತದೆ.