ಹಿದಕಿದ ಬೇಳೆ ಮತ್ತು ಮೇಲಿನ ಮನೆ ಅಕ್ಕ

ನಿನ್ನೆ ಗಾಂಧಿ ಬಜಾರಿನಿಂದ 2 ಕೆಜಿ ಅವರೆಕಾಯಿ ತಂದೆ. ಸೊಗಡು ಇನ್ನೂ ಕೈಯಲ್ಲಿದೆ. ಮೇಲಿನ ಮನೆ ಅಕ್ಕ ಸುಲಿಯೋಕೆ ಬಂದು ಕೂತರು. ಧಾರವಾಡದವರು, 3 ವರ್ಷದ ಹಿಂದೆ ಹಿದಕಿದ ಬೇಳೆ ಅಂದ್ರೆ ಏನು ಅಂತ ಕೇಳಿದ್ದರು. ರಾತ್ರಿ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಪುಳಕ್ ಅಂತ ಬೇಳೆ ಹಾರುತ್ತಲ್ಲ, ಅದನ್ನು ಕಲಿಸುತ್ತಲೇ ಮಕ್ಕಳು, ಸಾಲ, ಅಮ್ಮನ ಕಾಯಿಲೆ ಎಲ್ಲ ಮಾತಾಡಿಬಿಟ್ಟಿದ್ದೆವು. ಅವರು ನನಗೆ ಎಣ್ಣೆಗಾಯಿ ಕಲಿಸಿದರು. ಗುರೆಳ್ಳು ಪುಡಿ ಎಷ್ಟು ಅಂದ್ರೆ 'ಕೈಗೆ ಗೊತ್ತಾಗ್ತದ ಬಿಡವಾ' ಅಂತಾರೆ. ಅಳತೆ ಬರೆದು ಕೊಟ್ಟಿದ್ದರೆ ನಾನು ಅವರ ಒಲೆ ಪಕ್ಕ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ, ಇಷ್ಟು ಹತ್ತಿರವೂ ಆಗುತ್ತಿರಲಿಲ್ಲ ಅನ್ಸುತ್ತೆ. ಅಮ್ಮ ಹೋದಾಗ ದಿನಾ ಊಟ ಕಳಿಸಿದ್ದು ಇವರೇ. ಆ ಸ್ಟೀಲ್ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಲ್ವಾ, ಇವತ್ತು ಬೇಳೆ ಸಾರು ತುಂಬಿಸಿ ಕೊಟ್ಟು ಬಂದೆ.